ದೀಪದ ಹೊಣೆ ಹೊತ್ತು ಪರಸೀಮೆಗೆ

ನಾನು ಪರದೇಶಕ್ಕೆ ಹೋಗಿ ಬಂದದ್ದು ಎತ್ತಿನ ಗಾಡಿಯಲ್ಲಿ. ನಗಬೇಡಿ. ಮಧುಗಿರಿಯಿಂದ ಪಾವಗಡಕ್ಕೆ ಹೋಗುವವರಿಗೆಲ್ಲ ಇದು ಗೊತ್ತು: ನಡುದಾರಿಯಲ್ಲಿ ಮೈಸೂರು ಮಹಾರಾಜರ ನೆಲ ಮುಗಿದುಹೋಗುತ್ತದೆ. ಅಲ್ಲಿಂದ ಮುಂದೆ ಇಂಗ್ಲಿಷರ ಸೀಮೆ. ಅದನ್ನು ದಾಟಿದ ಮೇಲೆ ಮತ್ತೆ ನಮ್ಮದೇ ಪಾವಗಡ, ಬೇರೆಯವರ ಹೊಲಗಳ ಮಧ್ಯೆ ಉಳಿದುಕೊಂಡ ನಮ್ಮ ತುಂಡು ಹೊಲದ ಹಾಗೆ. ಆ ಪರಸೀಮೆಯ ಒಂದು ಊರಿನಲ್ಲಿ ಮೊದಲ ಸಲ ನಾನು ಕಳೆದದ್ದು ಒಂದು ರಾತ್ರಿ, ಒಂದು ಬೆಳಗ್ಗೆ. ಆ ಬೆಳಗ್ಗೆ ಮಾತ್ರ ನನಗೆ ಇನ್ನೂ ಮುಗಿದಿಲ್ಲ. ತರಗತಿಯಲ್ಲಿ ಲೆಕ್ಕ ಹೇಳಿಕೊಡುವಾಗ, ಊಟದ ಎಲೆಯ ಮುಂದೆ ಕೂತಾಗ, ಹಗ್ಗ ಸಡಿಲವಾದದ್ದು ಮತ್ತೆ ಕಾಣುತ್ತದೆ.

ಮಧುಗಿರಿ

ನಮ್ಮ ಸಂಘಕ್ಕೆ ಕಾಗದದ ಮೇಲೆ ಉದ್ದನೆಯ ಹೆಸರಿದೆ. ಪುರಾತನ ಕಟ್ಟಡಗಳ ರಕ್ಷಣೆ, ಜನಸೇವೆ ಎರಡೂ ಅದರಲ್ಲಿ ಸೇರಿವೆ. ಜನ ಕರೆಯುವುದು ಬಾವಿ ಸಂಘ ಎಂದು. ಹಾಳುಬಿದ್ದ ಹಳೆಯ ಬಾವಿ, ಕಲ್ಯಾಣಿಗಳನ್ನು ಹುಡುಕುತ್ತೇವೆ. ಹೂಳು ತೆಗೆಯುತ್ತೇವೆ, ಬಿದ್ದ ಕಲ್ಲು ನಿಲ್ಲಿಸುತ್ತೇವೆ, ಶಾಸನವಿದ್ದರೆ ಅಚ್ಚು ತೆಗೆದುಕೊಳ್ಳುತ್ತೇವೆ. ಕೊನೆಗೆ ನೀರನ್ನು ಊರಿಗೆ ಒಪ್ಪಿಸಿ ಬರುತ್ತೇವೆ. ಸಂಬಳ ಯಾರಿಗೂ ಇಲ್ಲ.

ಮುಂದಾಳುಗಳು ನಾಲ್ವರು. ಮಧುಗಿರಿಯ ರುದ್ರಪ್ಪನವರು ಕಡಲೆಕಾಯಿ ವ್ಯಾಪಾರಿ. ವಿಭೂತಿ ಇಟ್ಟುಕೊಳ್ಳದೆ ಮಾತಾಡುವವರಲ್ಲ, ಇಟ್ಟುಕೊಂಡ ಮೇಲೆ ಮಾತು ನಿಲ್ಲಿಸುವವರೂ ಅಲ್ಲ. ಊರಿನ ಹಿರಿಯರನ್ನು ಒಪ್ಪಿಸುವುದು ಅವರ ಕೆಲಸ. ಕೊರಟಗೆರೆ ಸೀಮೆಯ ತೋವಿನಕೆರೆಯಿಂದ ಗಂಗಮ್ಮ. ಗಂಡ ಸತ್ತ ಮೇಲೆ ಇಪ್ಪತ್ತು ವರ್ಷ ತಾನೇ ಕಪಿಲೆ ಹೊಡೆದು, ಎತ್ತುಗಳಿಂದ ಬಾವಿಯ ನೀರು ಎಳೆಸಿ ತೋಟ ಮಾಡಿದ ಹೆಂಗಸು. ಹಗ್ಗ ಅವಳದು. ಶಿರಾದ ಖಾದರ್ ಸಾಬರು ಕಲ್ಲುಕೆಲಸದವರು, ತಾತನ ಕಾಲದಿಂದ ಅದೇ ಕಸುಬು. ಬಾವಿಗೆ ಮೊದಲು ಇಳಿಯುವವರು ಅವರು. ನಾಲ್ಕನೆಯವನು ನಾನು, ಮೈಸೂರಿನಲ್ಲಿ ಬಿ.ಎ. ಮುಗಿಸಿ ದೊಡ್ಡೇರಿಯ ಶಾಲೆಯಲ್ಲಿ ಮೇಷ್ಟ್ರಾಗಿರುವವನು. ಶಾಸನ ಓದಲು ಬರುತ್ತದೆಂದು ಸೇರಿಸಿಕೊಂಡು, ದೀಪವನ್ನೂ ನನಗೇ ವಹಿಸಿದ್ದರು.

ದೀಪವೆಂದರೆ ಒಂದು ಸಣ್ಣ ಲಾಂದ್ರ, ಅದಕ್ಕೊಂದು ಉದ್ದನೆಯ ಸರಪಳಿ. ವರ್ಷಗಟ್ಟಲೆ ಮುಚ್ಚಿದ್ದ ಬಾವಿಯ ತಳದಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಲಾಂದ್ರ ಇಳಿಸಿದಾಗ ಉರಿಯುತ್ತಿದ್ದರೆ ಮನುಷ್ಯ ಇಳಿಯಬಹುದು. ಆರಿದರೆ ಇಳಿಯಬಾರದು.

ಸಂಘದಲ್ಲಿ ಒಂದು ಪದ್ಧತಿ ಇದೆ. ಹೊಣೆ ಹೇಳುವುದು ಎನ್ನುತ್ತಾರೆ. ಕೆಲಸಕ್ಕೆ ಕೈ ಹಾಕುವ ಮೊದಲು ಬಾವಿಯ ಬಳಿ ಊರಿನವರೆದುರು ನಿಂತು, ಅವರವರ ಸಾಮಾನನ್ನು ಅವರವರೇ ಕೈಯಲ್ಲಿ ಹಿಡಿದು, ಅವರವರ ಬಾಯಿಂದಲೇ ಹೇಳಬೇಕು. "ನಾನು ಇಂಥವನು, ಇಂಥ ಊರು. ಈ ಕೆಲಸ ನನ್ನದು. ತಪ್ಪಿದರೆ ನಾನೇ ನಿಮ್ಮ ಬಾಗಿಲಿಗೆ ಬರುತ್ತೇನೆ." ಇಷ್ಟೇ. ಮೊದಲು ರುದ್ರಪ್ಪನವರ ಮಾತು, ಆಮೇಲೆ ದೀಪ, ಆಮೇಲೆ ಹಗ್ಗ, ಕೊನೆಗೆ ಇಳಿಯುವವರು. ಹೇಳುವ ಸಾಲೇ ಕೆಲಸದ ಸಾಲು. ದೀಪದವನು ಲಾಂದ್ರವನ್ನು ತಳ ಮುಟ್ಟಿಸಿ, ಅದು ಉರಿಯುವುದನ್ನು ನೋಡಿದ ಮೇಲೆಯೇ ತನ್ನ ಹೊಣೆ ಹೇಳಬೇಕು. ಖಾದರ್ ಸಾಬರ ಹೆಸರು ಬಂತೆಂದರೆ ಎಲ್ಲ ಆಗಿದೆ, ಇನ್ನು ಇಳಿಯಬಹುದು ಎಂದರ್ಥ.

ನನಗೆ ಇದು ನಾಟಕ ಶುರುವಾಗುವ ಮುಂಚೆ ಪಾತ್ರಧಾರಿಗಳು ಬಂದು ಕೈಮುಗಿದು ಹೋಗುವ ಹಾಗೆ ಕಾಣುತ್ತಿತ್ತು. ಒಂದು ಸಲ ಹಾಗೆಂದು ನಕ್ಕೂಬಿಟ್ಟಿದ್ದೆ.

"ನಗ್ರಿ ಮೇಷ್ಟ್ರೇ, ನಗ್ರಿ," ಅಂದಿದ್ದಳು ಗಂಗಮ್ಮ, ಹಗ್ಗದ ಸಿಂಬಿ ಸುತ್ತುತ್ತ. "ನಿಮ್ಗೆ ಪುಸ್ತಕ ನೋಡಿದ್ರೆ ನೆಪ್ಪಾಯ್ತದೆ. ನಮ್ಗೆ ಬಾಯ್ಬುಟ್ಟು ಅಂದ್ರೇನೇ ಕೈಗೆ ನೆಪ್ಪಾಗಾದು."

ಗಡಿಯ ಕಟ್ಟೆ

ಪರಸೀಮೆಯ ಆ ಊರಿನವರು ತಾವಾಗಿಯೇ ನಮ್ಮನ್ನು ಕರೆಸಿದ್ದರು. ಊರಿನ ಹೆಸರು ಬರೆಯುವುದಿಲ್ಲ; ಅವರು ಕೇಳಿಕೊಂಡಿದ್ದಾರೆ. ಅಲ್ಲಿಯ ಹೆಂಗಸರು ನೀರಿಗೆ ಎರಡು ಗುಡ್ಡದ ಆಚೆ ಹೋಗುತ್ತಿದ್ದರು. ಊರ ಪಕ್ಕದಲ್ಲೇ ಪಾಳೆಯಗಾರರ ಕಾಲದ ಮೆಟ್ಟಿಲ ಬಾವಿಯೊಂದು ಜಾಲಿಮುಳ್ಳು ಹೇರಿಕೊಂಡು ಮುಚ್ಚಿಬಿದ್ದಿತ್ತು.

ಗಡಿಯ ಸುಂಕದ ಕಟ್ಟೆಯಲ್ಲಿ ಕಾವಲಿನವನು ಗಾಡಿ ನಿಲ್ಲಿಸಿದ. ಹಾರೆ, ಗುದ್ದಲಿ, ಹಗ್ಗ, ರಾಟೆ, ಸರಪಳಿಯ ಲಾಂದ್ರ ಎಲ್ಲವನ್ನೂ ನೋಡಿ ನಮ್ಮ ಮುಖ ನೋಡಿದ.

"ನಿಧಿ ತೆಗಿಯಾಕೆ ಹೊಂಟೀರೇನ್ರಿ?"

"ಹೂಳು ತೆಗಿಯಾಕೆ ಸ್ವಾಮಿ," ಅಂದರು ರುದ್ರಪ್ಪ.

"ಪಕ್ಕದ ಸೀಮೆ ಹೂಳು ತೆಗಿಯಾಕೆ ಇಲ್ಲಿಂದ ಯಾಕ್ರೀ ಹೋಯ್ತೀರಿ? ಅವ್ರಿಗೆ ಕೈ ಇಲ್ವಾ?"

ಅಲ್ಲಿಂದ ಶುರುವಾದ ವಾದ ಬಿಸಿಲು ಇಳಿಯುವವರೆಗೆ ನಡೆಯಿತು. ರುದ್ರಪ್ಪನವರು ಧರ್ಮ ಹೇಳಿದರು, ಕಾನೂನು ಹೇಳಿದರು, ಕಾವಲಿನವನ ಅಜ್ಜನ ಊರು ಯಾವುದೆಂದು ಪತ್ತೆ ಮಾಡಿ ನೆಂಟಸ್ತಿಕೆಯನ್ನೂ ಹೇಳಿದರು. ಖಾದರ್ ಸಾಬರು ಗಾಡಿಯ ನೆರಳಿನಲ್ಲಿ ಒಂದು ನಿದ್ದೆ ತೆಗೆದರು. ಕೊನೆಗೆ ಕಾವಲಿನವನು ಬೇಸತ್ತು ಮರದ ಅಡ್ಡ ಎತ್ತಿದ. ರುದ್ರಪ್ಪ ಗೆದ್ದರು, ಆದರೆ ಗಂಟಲು ಹೋಯಿತು. ಮರುದಿನ ಎದ್ದಾಗ ಅವರ ಬಾಯಿಂದ ಗಾಳಿ ಬಿಟ್ಟರೆ ಬೇರೇನೂ ಬರಲಿಲ್ಲ.

"ಮಾತಿನ ಹೊಣೆಯೋರಿಗೇ ಮಾತಿಲ್ಲ," ಅಂದರು ಖಾದರ್ ಸಾಬರು. "ನಮ್ ಸಂಘದ ನಸೀಬು ನೋಡಿ ಮೇಷ್ಟ್ರೇ."

ನಾವೆಲ್ಲ ನಕ್ಕೆವು. ರುದ್ರಪ್ಪನವರೂ ಸದ್ದಿಲ್ಲದೆ ನಕ್ಕರು.

ಪರಸೀಮೆಯ ಊರು

ಆ ಸೀಮೆಯಲ್ಲಿ ಹೊಸಬರನ್ನು ಹೆಸರು ಕೇಳುವುದಿಲ್ಲ. "ಮೀ ಊಳ್ಳೋ ವಾನ ಪಡಿಂದಾ?" ಎಂದು ಕೇಳುತ್ತಾರೆ, ನಿಮ್ಮೂರಲ್ಲಿ ಮಳೆ ಆಯಿತೇ ಎಂದು. ಆಯಿತು ಎಂದರೆ ಮುಖ ಅರಳುತ್ತದೆ, ತಮಗೇ ಬಿದ್ದಂತೆ. ಇಲ್ಲ ಎಂದರೆ ಒಂದು ಚೆಂಬು ನೀರು ಹೆಚ್ಚಿಗೆ ತಂದಿಡುತ್ತಾರೆ. ಎರಡು ಗುಡ್ಡದಾಚೆಯಿಂದ ಹೊತ್ತು ತಂದ ನೀರು ಅದು. ನಮ್ಮ ಕಡೆ ನೀರು ಕೊಟ್ಟು ಬೆಲ್ಲ ಕೊಡುತ್ತೇವೆ. ಅಲ್ಲಿ ನೀರೇ ಬೆಲ್ಲ. ಕಾಲು ತೊಳೆಯಲು ಕೊಟ್ಟ ನೀರನ್ನು ನಾನು ಕುಡಿದುಬಿಟ್ಟೆ. ನಾವು ಇಳಿದುಕೊಂಡಿದ್ದ ಮನೆಯ ಮುದುಕಿ ನೋಡಿದಳು, ಏನೂ ಹೇಳದೆ ಇನ್ನೊಂದು ಚೆಂಬು ತಂದಳು. ಆ ನಾಚಿಕೆ ನನಗೆ ಇನ್ನೂ ಇದೆ, ಆದರೆ ಅದರ ಮೇಲೆ ದೊಡ್ಡದೊಂದು ಬಂದು ಕೂತಿದೆ.

ಉಳಿದದ್ದೆಲ್ಲ ನಮ್ಮ ಹಾಗೆಯೇ. ನಾವು ಮುದ್ದೆ ಎನ್ನುವುದನ್ನು ಅವರು ಸಂಗಟಿ ಎನ್ನುತ್ತಾರೆ. ಕಡಲೆಕಾಯಿ ಚಟ್ನಿಗೆ ಖಾರ ಮಾತ್ರ ನಮ್ಮ ಮೂರರಷ್ಟು. ನಾವು ಊರು ಮುಟ್ಟಿದ ಸಂಜೆ ಖಾದರ್ ಸಾಬರು ನಮಾಜಿಗೆ ಜಾಗ ಹುಡುಕುತ್ತಿದ್ದರೆ, ಅದೇ ಮುದುಕಿ ತನ್ನ ಈಚಲ ಚಾಪೆಯನ್ನು ಬೇವಿನ ಮರದಡಿ ಕೊಡವಿ ಹಾಸಿಕೊಟ್ಟಳು. ಮಾತು ತೆಲುಗಾದರೂ ಎಲ್ಲರಿಗೂ ಅಷ್ಟಿಷ್ಟು ಕನ್ನಡ ತಿಳಿಯುತ್ತಿತ್ತು. ಅದು ನನಗೆ ಗೊತ್ತಿತ್ತು ಎಂಬುದನ್ನು ಇಲ್ಲೇ ಬರೆದಿಡುತ್ತೇನೆ.

ಬಾವಿಯ ವಿಷಯ ಎತ್ತಿದಾಗ ಊರಿನ ಹಿರಿಯ, ಪೆದ್ದ ರೆಡ್ಡಿ, ಅಂದರೆ ದೊಡ್ಡ ರೆಡ್ಡಿ, ಎಂದು ಎಲ್ಲರೂ ಕರೆಯುತ್ತಿದ್ದ ಮನುಷ್ಯ, ದನಿ ಇಳಿಸಿದ.

"ಆ ಬಾವಿ ಮನಿಷಿನಿ ಅಡುಗುತುಂದಿ ಸ್ವಾಮಿ," ಅಂದ. ಮನುಷ್ಯನನ್ನು ಬಲಿ ಕೇಳುತ್ತದೆ ಎಂದು. ಅವನ ತಂದೆಯ ಕಾಲದಲ್ಲಿ ಕುರಿ ಬಿದ್ದಿತೆಂದು ಇಳಿದವನೊಬ್ಬ ಮೇಲೆ ಬರಲಿಲ್ಲವಂತೆ. ಅಂದೇ ಮುಳ್ಳು ಹಾಕಿ ಮುಚ್ಚಿದ್ದು.

ಅದು ದೆವ್ವವಲ್ಲ, ಕೆಟ್ಟ ಗಾಳಿ. ನಾಳೆ ತೋರಿಸುತ್ತೇನೆ ಎಂದೆ. ಮೈಸೂರಿನ ಹಾಸ್ಟೆಲಿನಲ್ಲಿ ಜೊತೆಗಿದ್ದ ತೆಲುಗು ಸ್ನೇಹಿತನಿಂದ ಕಲಿತ ಭಾಷೆ ನನ್ನ ನಾಲಿಗೆಯ ಮೇಲೆ ಚೆನ್ನಾಗಿಯೇ ಓಡುತ್ತಿತ್ತು. ಜನ ಬಾಯಿಬಿಟ್ಟು ಕೇಳುತ್ತಿದ್ದರು. ನನಗೆ ಹಿತವಾಯಿತು.

ಬಾವಿಯ ಬಳಿ

ಬೆಳಗ್ಗೆ ಮುಳ್ಳು ತೆಗೆಸಿದೆವು. ಚೆಂದದ ಬಾವಿ. ಮೇಲಿಂದ ಕಲ್ಲಿನ ಮೆಟ್ಟಿಲುಗಳು ಮೂರಾಳು ಆಳದ ಒಂದು ಜಗಲಿಯವರೆಗೆ ಇಳಿಯುತ್ತಿದ್ದವು. ಆ ಜಗಲಿಯಿಂದ ಕೆಳಕ್ಕೆ ದುಂಡಗೆ, ನೇರವಾಗಿ ಗುಂಡಿ. ಅದರ ತಳ ಕತ್ತಲೆ. ಬಾವಿಯ ಬಾಯಿಗೆ ಅಡ್ಡವಾಗಿ ಒಂದು ಕಲ್ಲಿನ ತೊಲೆ ಇತ್ತು. ಗಂಗಮ್ಮ ಅದಕ್ಕೆ ರಾಟೆ ಕಟ್ಟಿ, ಹಗ್ಗ ಹಾಯಿಸಿ, ಆಚೆಯ ದಡದಲ್ಲಿ ಊರಿನವರ ಒಂದು ಜೊತೆ ಎತ್ತನ್ನು ನಿಲ್ಲಿಸಿಕೊಂಡಳು, ಹೂಳಿನ ಬುಟ್ಟಿ ಎಳೆಸಲು. ಹಗ್ಗದ ತುದಿಯನ್ನು ಎದೆಗೆ, ಕಂಕುಳ ಕೆಳಗೆ ಬಿಗಿದುಕೊಂಡು ಖಾದರ್ ಸಾಬರು ಮೆಟ್ಟಿಲಿಳಿದು ಜಗಲಿಯ ಮೇಲೆ ಕಾಯುತ್ತ ನಿಂತರು. ಅವರು ಯಾವಾಗಲೂ ಅಲ್ಲಿಂದಲೇ ಹೊಣೆ ಹೇಳುವುದು, ಬಾವಿಯೊಳಗಿನಿಂದ ಅವರ ದನಿ ಗುಂಯ್ಗುಟ್ಟುತ್ತ ಬರುತ್ತಿತ್ತು.

ಊರೆಲ್ಲ ಸೇರಿತ್ತು. ಹೆಂಗಸರು ಕೊಡಗಳಲ್ಲಿ ನಮಗೆ ಕುಡಿಯುವ ನೀರು ತಂದಿಟ್ಟುಕೊಂಡು ಕೂತಿದ್ದರು. ಹೊಣೆ ಹೇಳುವ ಹೊತ್ತು. ರುದ್ರಪ್ಪನವರು ಬಾಯಿ ತೆರೆದರು, ಬರೀ ಕೆಮ್ಮು ಬಂತು.

"ನಾನೇ ಎಲ್ಲರದೂ ತೆಲುಗಿನಲ್ಲಿ ಹೇಳಿಬಿಡುತ್ತೇನೆ," ಎಂದೆ.

ಗಂಗಮ್ಮ ಆಚೆ ದಡದಿಂದ ಕೂಗಿದಳು: "ಬುಡಿ ಮೇಷ್ಟ್ರೇ, ನಮ್ದು ನಾವೇ ಅಂತೀವಿ. ತಿಳೀದಿದ್ರೆ ಕೈ ತೋರುಸ್ತೀವಿ."

"ಅವರ ಭಾಷೆಯಲ್ಲಿ ಹೇಳಿದರೆ ಅವರಿಗೆ ಧೈರ್ಯ ಬರುತ್ತದೆ ಗಂಗಮ್ಮ," ಎಂದೆ. ರುದ್ರಪ್ಪ ಕೈಯಾಡಿಸಿ ಏನೋ ಬೇಡವೆಂದರು. ಗಂಟಲಿದ್ದಿದ್ದರೆ ಖಂಡಿತ ಬೈಯುತ್ತಿದ್ದರು.

ನಾನು ಲಾಂದ್ರ ಹಚ್ಚಿ ಕೈಯಲ್ಲಿ ಎತ್ತಿ ಹಿಡಿದುಕೊಂಡು ಶುರುಮಾಡಿದೆ. ಮೆಟ್ಟಿಲ ಮೊದಲ ಕಲ್ಲಿನ ಮೇಲೆ ನಾಲ್ಕು ಸಾಲಿನ ಶಾಸನವಿತ್ತು, ಹಳೆಯ ಕನ್ನಡ ಅಕ್ಷರ. ತೆಲುಗರ ಊರಿನ ಬಾವಿಯಲ್ಲಿ ನಮ್ಮ ಅಕ್ಷರ! ಅದನ್ನು ಓದಿ ಅರ್ಥ ಹೇಳಿದೆ. ಕಟ್ಟಿಸಿದವನ ಹೆಸರಾದ ಮೇಲೆ ಕೊನೆಯಲ್ಲಿ ಕಲ್ಲು ಕೆತ್ತಿದವನ ಹೆಸರೂ ಇದೆ ಎಂದಾಗ ಪೆದ್ದ ರೆಡ್ಡಿ ಆ ಕಲ್ಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ನನ್ನ ಉತ್ಸಾಹ ಏರಿತು. ರುದ್ರಪ್ಪನವರ ಪರಿಚಯ ಮಾಡಿಸಿದೆ. ಆಮೇಲೆ ಲಾಂದ್ರವನ್ನು ಇನ್ನೂ ಮೇಲೆತ್ತಿ, "ಈ ದೀಪ ನನ್ನದು," ಎಂದೆ. ಕೆಟ್ಟ ಗಾಳಿ ಎಂದರೇನು, ಅದು ಯಾಕೆ ತಳದಲ್ಲಿ ನಿಲ್ಲುತ್ತದೆ, ಈ ಸಣ್ಣ ಬೆಂಕಿ ಹೇಗೆ ಮನುಷ್ಯನಿಗಿಂತ ಮೊದಲು ಸಾಯುತ್ತದೆ ಎಂದೆಲ್ಲ ವಿವರಿಸಿದೆ. ಚೆನ್ನಾಗಿ ವಿವರಿಸಿದೆ. ಜನ ತಲೆದೂಗಿದರು. ಗಂಗಮ್ಮನ ಹೆಸರು ಹೇಳಿ ಹಗ್ಗ ತೋರಿಸಿದೆ. ಕೊನೆಗೆ, ಇಳಿಯುವವರು ಶಿರಾದ ಖಾದರ್ ಸಾಬರು ಎಂದೆ.

ಜಗಲಿಯ ಮೇಲೆ ನಿಂತವರಿಗೆ ನಾನು ಕಾಣುತ್ತಿರಲಿಲ್ಲ. ನನ್ನ ದನಿ ಕೇಳುತ್ತಿತ್ತು. ಸಾಲು ತಪ್ಪಿರಲಿಲ್ಲ: ಮಾತು, ದೀಪ, ಹಗ್ಗ, ತಮ್ಮ ಹೆಸರು. ಮೇಷ್ಟ್ರು ದೀಪದ ಹೊಣೆ ಹೇಳಿದರೆಂದರೆ ದೀಪ ತಳ ಮುಟ್ಟಿ ಬಂದಿದೆ. ಗುಂಡಿಯ ಆಚೆ ಬದಿಯಲ್ಲಿ ಇಳಿಸಿರಬೇಕು, ತಮಗೆ ಕಂಡಿಲ್ಲ, ಅಷ್ಟೇ. ಹಾಗೆಂದುಕೊಂಡು ಅವರು ಹಗ್ಗವನ್ನು ಎರಡು ಸಲ ಜಗ್ಗಿದರು. ಅದು ಅವರ ಸನ್ನೆ, ಇಳಿಯುತ್ತಿದ್ದೇನೆ ಎಂದು. ಎತ್ತುಗಳ ಕಡೆ ತಿರುಗಿ ನಿಂತಿದ್ದ ಗಂಗಮ್ಮನೂ ಸಾಲು ಮುಗಿಯಿತೆಂದುಕೊಂಡು ಹಗ್ಗ ಬಿಟ್ಟಳು.

ನಾನು ಆಗ ಕೆತ್ತಿದವನ ಹೆಸರನ್ನು ಮತ್ತೊಮ್ಮೆ ಓದಿ ಹೇಳುತ್ತಿದ್ದೆ, ಯಾರೋ ಕೇಳಿದರೆಂದು.

"ಮೇಷ್ಟ್ರೇ."

ಗಂಗಮ್ಮನ ದನಿ ಗಟ್ಟಿಯಾಗಿರಲಿಲ್ಲ. ಅದಕ್ಕೇ ತಿರುಗಿ ನೋಡಿದೆ.

"ಹಗ್ಗ ಸುಮ್ಕಾಗೈತೆ. ಜಗ್ಗಿದ್ರೂ ಸಾಬ್ರು ಜಗ್ತಿಲ್ಲ. ದೀಪ ಏನಂತು?"

ನನ್ನ ಕೈ ನೋಡಿಕೊಂಡೆ. ಲಾಂದ್ರ ಉರಿಯುತ್ತಿತ್ತು. ಬೆಳಗಿನ ಬಿಸಿಲಿನಲ್ಲಿ ಅದರ ಉರಿ ಇದೆಯೋ ಇಲ್ಲವೋ ಎಂಬಷ್ಟು ತೆಳ್ಳಗಿತ್ತು.

ಎಳೆದದ್ದು

ಮೆಟ್ಟಿಲಿನ ಕಡೆ ಓಡಿದೆ.

"ಎಲ್ಲಿಗೋಗ್ತೀಯಾ?" ಗಂಗಮ್ಮ ಗುಡುಗಿದಳು. ಅವಳು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೊಂದೇ ಸಲ. "ನೀನೂ ಹೋಗಿ ಬೀಳಾಕಾ? ದೀಪ ಇಳ್ಸು ಮೊದ್ಲು!"

ಸರಪಳಿ ಬಿಟ್ಟೆ. ಲಾಂದ್ರ ಜಗಲಿಯವರೆಗೆ ಉರಿಯುತ್ತ ಹೋಯಿತು. ಅಲ್ಲಿಂದ ಕೆಳಗೆ ಎರಡಾಳು ಇಳಿಯುವಷ್ಟರಲ್ಲಿ ಆರಿತು. ಯಾರೂ ಊದದೆ, ಗಾಳಿ ಬೀಸದೆ, ಸುಮ್ಮನೆ ಆರಿತು. ಹಿಂದೆ ಒಬ್ಬ ಹೆಂಗಸು ಅಳಲು ಶುರುಮಾಡಿದಳು. ನಾನು ಈಗಷ್ಟೇ ಅವರಿಗೆ ಹೇಳಿಕೊಟ್ಟ ಪಾಠ ಅವರಿಗೆಲ್ಲ ಅರ್ಥವಾಗಿತ್ತು.

"ನೀರು ಹುಯ್ರಮ್ಮ ಗುಂಡಿಗೆ! ಎಲ್ಲಾ ಹುಯ್ರಿ!" ಗಂಗಮ್ಮ ಕೂಗಿದಳು. ಕೆಟ್ಟ ಗಾಳಿ ಕದಡಲಿ ಎಂದು. ಅವಳ ಕನ್ನಡಕ್ಕೆ ಯಾರೂ ಅರ್ಥ ಕೇಳಲಿಲ್ಲ. ಎರಡು ಗುಡ್ಡದಾಚೆಯಿಂದ ಹೊತ್ತು ತಂದ ನೀರನ್ನು ಆ ಹೆಂಗಸರು ಕೊಡಕೊಡವಾಗಿ ಬಾವಿಗೆ ಸುರಿದರು. ಪೆದ್ದ ರೆಡ್ಡಿ ಬೇವಿನ ಕೊಂಬೆ ಮುರಿದು ಇನ್ನೊಂದು ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಆಡಿಸತೊಡಗಿದ. ಗಂಗಮ್ಮ ಎತ್ತುಗಳ ಬೆನ್ನು ತಟ್ಟಿದಳು. ಅವು ನಾಲ್ಕು ಹೆಜ್ಜೆ ನಡೆದು ನಿಂತವು.

"ಸಿಕ್ಕಂಡೈತೆ! ಎಲ್ಲೋ ಕಲ್ಲಿಗೆ ಸಿಕ್ಕಂಡೈತೆ!"

ಲಾಂದ್ರ ಎಳೆದು, ಮತ್ತೆ ಹಚ್ಚಿ, ಮುಂದೆ ಹಿಡಿದುಕೊಂಡು ಜಗಲಿಗೆ ಇಳಿದೆ. ಅಲ್ಲಿ ಅದು ಉರಿಯಿತು. ಬೋರಲು ಮಲಗಿ, ಹೊಟ್ಟೆಯ ಮೇಲೆ ತೆವಳಿ ಗುಂಡಿಯೊಳಗೆ ನೋಡಿದೆ. ಖಾದರ್ ಸಾಬರು ನನ್ನಿಂದ ಒಂದು ಮಾರು ಕೆಳಗಿದ್ದರು. ತಲೆ ಎದೆಯ ಮೇಲೆ ಬಿದ್ದಿತ್ತು. ಬಲಗೈ ಮಾತ್ರ ಮೇಲಕ್ಕೆ ಚಾಚಿ, ಗೋಡೆಯಿಂದ ಹೊರಬಂದ ಒಂದು ಕಲ್ಲಿನ ಕೆಳಗೆ ಸಿಕ್ಕಿಕೊಂಡಿತ್ತು. ಬಿಡಿಸಲು ಕೈ ಚಾಚಿದೆ. ನಿಲುಕಲಿಲ್ಲ. ಹಾರೆಯ ತುದಿಯಿಂದ ತಳ್ಳಿದೆ. ಮೂಗಿನೊಳಗೆ ಏನೋ ಹುಳಿ ಹೊಡೆಯಿತು, ತಲೆ ತಿರುಗಿತು. ಹಗ್ಗ ಸಡಿಲಿಸಿದರೆ ಕೈ ಬಿಡಬಹುದು, ಆದರೆ ಅವರು ಮತ್ತೆ ಕೆಳಕ್ಕೆ, ಆ ಗಾಳಿಯೊಳಕ್ಕೆ ಹೋಗುತ್ತಾರೆ. ಎಳೆದರೆ ಕೈ ಉಳಿಯುವುದಿಲ್ಲ.

"ಏನ್ ಮಾಡ್ಲಿ? ಹೇಳ್ರಿ ಬಿರ್ರನೆ!" ಮೇಲಿಂದ ಗಂಗಮ್ಮ.

ಕಲ್ಲು ಕೆತ್ತುವವನ ಬಲಗೈ ಅದು. ನನಗೆ ಚೆನ್ನಾಗಿ ಗೊತ್ತಿತ್ತು.

"ಎಳಿ," ಎಂದೆ.

ಸದ್ದು ಕೇಳಿಸಿತು. ಅದು ಹೇಗಿತ್ತೆಂದು ಬರೆಯಲಾರೆ. ಆಮೇಲೆ ಅವರು ನನ್ನನ್ನು ದಾಟಿ ಮೇಲಕ್ಕೆ ಹೋದರು, ಬೆಳಕಿನ ಕಡೆಗೆ, ಕಾಲು ತೂಗಾಡಿಸುತ್ತ.

ಬೇವಿನ ಮರದಡಿ ಹಿಂದಿನ ಸಂಜೆ ನಮಾಜು ಮಾಡಿದ್ದ ಅದೇ ಚಾಪೆಯ ಮೇಲೆ ಮಲಗಿಸಿದರು. ಗಂಗಮ್ಮ ಎರಡೂ ಅಂಗೈಯಿಂದ ಎದೆ ಒತ್ತಿದಳು, ಬಿಟ್ಟಳು, ಒತ್ತಿದಳು. ರುದ್ರಪ್ಪನವರು ಪಾದ ತಿಕ್ಕುತ್ತ ಸದ್ದಿಲ್ಲದೆ ಶಿವ ಶಿವ ಎನ್ನುತ್ತಿದ್ದದ್ದು ತುಟಿಯ ಮೇಲೆ ಕಾಣುತ್ತಿತ್ತು. ಎಷ್ಟು ಹೊತ್ತೋ. ಕೊನೆಗೆ ಖಾದರ್ ಸಾಬರ ಗಂಟಲಲ್ಲಿ ಗೊರಕೆಯಂಥ ಒಂದು ಸದ್ದು ಎದ್ದಿತು. ಇನ್ನೊಂದು. ಗಂಗಮ್ಮ ಕೈ ತೆಗೆದು ತನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ನನ್ ಬಾಯಿಂದ ನಾನು ಅನ್ಲಿಲ್ಲ," ಅಂದಳು ಒಳಗಿನಿಂದಲೇ. "ಅಂದಿದ್ರೆ ದೀಪ ಎಲ್ಲಿ ಅಂತ ಕೇಳಿರ್ತಿದ್ದೆ."

ಪಾವಗಡ

ಪೆದ್ದ ರೆಡ್ಡಿಯ ಗಾಡಿಗೆ ಹುಲ್ಲು ಹಾಸಿ ಅವರನ್ನು ಪಾವಗಡದ ಆಸ್ಪತ್ರೆಗೆ ಹೊರಡಿಸಿದೆವು. ಉಸಿರಿತ್ತು, ಎಚ್ಚರವಿರಲಿಲ್ಲ. ಪ್ರತಿ ಕುಳಿಗೂ ಗಾಡಿ ಕುಲುಕಿದಾಗ ನಾನು ಅವರ ಮೂಗಿನ ಬಳಿ ಬೆರಳು ಹಿಡಿಯುತ್ತಿದ್ದೆ. ಮತ್ತೆ ನಮ್ಮ ಸೀಮೆ ಸೇರುವ ಕಡೆ ಇನ್ನೊಂದು ಕಟ್ಟೆ. ಕಾವಲಿನವನು ಗಾಡಿಯೊಳಗೆ ಇಣುಕಿ ಗಾಬರಿಯಾದ.

"ಏನಾಯ್ತು ಇವ್ರಿಗೆ?"

"ಬಾವಿಗೆ ಬಿದ್ದರು," ಎಂದೆ.

ಅಡ್ಡ ಎತ್ತಿದ ಮೇಲೆ, ಗಾಡಿ ಒಂದು ಹರದಾರಿ ಹೋದ ಮೇಲೆ ಗಂಗಮ್ಮ ಹೇಳಿದಳು: "ಸಾಬ್ರು ಬೀಳ್ಲಿಲ್ಲ ಮೇಷ್ಟ್ರೇ. ಇಳಿದ್ರು."

ನಾನು ಮತ್ತೆ ಅವರ ಮೂಗಿನ ಬಳಿ ಬೆರಳು ಹಿಡಿದೆ. ದೂರದಲ್ಲಿ ಪಾವಗಡದ ಬೆಟ್ಟ ಕಾಣುತ್ತಿತ್ತು, ಸುಟ್ಟ ಬೆಲ್ಲದ ಅಚ್ಚಿನ ಹಾಗೆ. ಇನ್ನೊಂದು ಸಲವಾಗಿದ್ದರೆ ಅದರ ಕೋಟೆಯ ಬಗ್ಗೆ ನಿಮಗೆ ಎರಡು ಪುಟ ಬರೆಯುತ್ತಿದ್ದೆ.

ಡಾಕ್ಟರು ಎದೆ ನೋಡಿ ಬದುಕುತ್ತಾರೆ ಎಂದರು. ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಮೂಳೆ ಕೂಡಿಸಿ ಬಿದಿರ ದಬ್ಬೆ ಕಟ್ಟಿದರು. ಮರುದಿನ ಮಧ್ಯಾಹ್ನ ಖಾದರ್ ಸಾಬರು ಕಣ್ಣು ಬಿಟ್ಟಾಗ ಪಕ್ಕದಲ್ಲಿ ನಾನೊಬ್ಬನೇ ಇದ್ದೆ. ತುಟಿ ಆಡಿಸಿದರು. ಕಿವಿ ಹತ್ತಿರ ತಂದೆ.

"ದೀಪ ಉರೀತಿತ್ತಾ ಮೇಷ್ಟ್ರೇ?"

"ಉರಿಯುತ್ತಿತ್ತು," ಎಂದೆ.

ಅವರು ಸಮಾಧಾನದಿಂದ ಕಣ್ಣು ಮುಚ್ಚಿದರು. "ಹಂಗಾದ್ರೆ ನಂದೇ ತಪ್ಪು. ಕಾಲು ಜಾರಿರಬೇಕು."

ಎದ್ದು ಹೊರಗೆ ಬಂದೆ. ಗಂಗಮ್ಮ ಆಸ್ಪತ್ರೆಯ ಕಟ್ಟೆಯ ಮೇಲೆ ಕೂತು ಹಗ್ಗದ ಬಿಚ್ಚಿದ ಎಳೆಗಳನ್ನು ಹೊಸೆಯುತ್ತಿದ್ದಳು. ಶಿರಾಕ್ಕೆ ಸುದ್ದಿ ಮುಟ್ಟಿಸಬೇಕು, ಯಾರನ್ನು ಕಳಿಸೋಣ ಎಂದು ಕೇಳಿದೆ. ತಲೆ ಎತ್ತದೆ ಹೇಳಿದಳು.

"ತಪ್ಪಿದ್ರೆ ಯಾರು ಬಾಗ್ಲಿಗೆ ಬತ್ತೀನಿ ಅಂದಿದ್ರೋ ಅವ್ರು."

ಶಿರಾ

ಎರಡು ಬಸ್ಸು ಬದಲಾಯಿಸಿ ಶಿರಾ ಮುಟ್ಟಿದೆ. ಲಾಂದ್ರ ಚೀಲದಲ್ಲಿತ್ತು. ಯಾಕೆ ತಂದೆನೋ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡೆ. ಕನ್ನಡದಲ್ಲಿ, ಒಳ್ಳೆಯ ಕನ್ನಡದಲ್ಲಿ. ಬಸ್ಸಿನ ಚಾವಣಿಯ ಮೇಲೆ ಕಡಲೆಕಾಯಿ ಮೂಟೆ, ಒಳಗೆ ನಮ್ಮ ಮಂಡಿ. ಪಕ್ಕದವನೊಬ್ಬ ಯಾವೂರು, ಯಾರ ಪೈಕಿ, ಏನು ಕೆಲಸ ಎಂದು ಕೇಳಿದ. ನಮ್ಮ ಸೀಮೆಯಲ್ಲಿ ಮಳೆ ಕೇಳುವುದಿಲ್ಲ, ಕೆಲಸ ಕೇಳುತ್ತಾರೆ. ಮೇಷ್ಟ್ರು ಎಂದೆ. ಬೇರೆ ಏನೂ ಹೇಳಲಿಲ್ಲ.

ಖಾದರ್ ಸಾಬರ ಮನೆ ದೊಡ್ಡ ಮಸೀದಿಯ ಹಿಂದಿನ ಓಣಿಯಲ್ಲಿ. ಬಾಗಿಲಿಗೆ ಗೋಣಿಯ ಪರದೆ. ಅಂಗಳದಲ್ಲಿ ಅವರು ಅರ್ಧ ಕೆತ್ತಿದ ಒಂದು ಬೀಸುವ ಕಲ್ಲು ಬಿದ್ದಿತ್ತು. ಕೂಗಿದೆ. ಒಳಗಿನಿಂದ ಅವರ ಹೆಂಡತಿ ಜುಲೇಖಾ ಬೀ ದನಿ ಕೊಟ್ಟರು.

"ಕೌನ್? ಯಾರು?"

ಜೋಡಿಸಿಕೊಂಡಿದ್ದದ್ದೆಲ್ಲ ಹೋಯಿತು.

"ದೊಡ್ಡೇರಿ ಮೇಷ್ಟ್ರು," ಎಂದೆ. "ಸಂಘದವನು. ಖಾದರ್ ಸಾಬರು ಬದುಕಿದ್ದಾರೆ. ಪಾವಗಡದ ಆಸ್ಪತ್ರೆಯಲ್ಲಿದ್ದಾರೆ. ಬಲಗೈ ಮುರಿದಿದೆ. ದೀಪ ನನ್ನದು. ನಾನು ಇಳಿಸಲಿಲ್ಲ. ಉರಿಯುತ್ತಿತ್ತು, ನನ್ನ ಕೈಯಲ್ಲೇ ಇತ್ತು. ಅವರ ಕಾಲು ಜಾರಲಿಲ್ಲ. ಅವರು ಹಾಗೆ ಹೇಳಿದರೆ ನಂಬಬೇಡಿ."

ಓಣಿಯಲ್ಲಿ ಯಾರೋ ಕುದುರೆಗೆ ಲಾಳ ಹೊಡೆಯುತ್ತಿದ್ದರು. ಆಮೇಲೆ ಜುಲೇಖಾ ಬೀ ಮಾತಾಡಿದರು, ಬೈಯುವ ದನಿಯಲ್ಲಿ ಅಲ್ಲ, ಏನೋ ಕಳೆದದ್ದನ್ನು ಹುಡುಕುವವರ ದನಿಯಲ್ಲಿ.

"ಬಾವಿಗೆ ಹೋಗೋವಾಗ ಹರ್ ದಫಾ ನಾ ಅವ್ರಿಗೆ ಕೇಳ್ತೀನಿ. ದೀಪ ಯಾರ್ದೂಜೀ, ಅಂತ. ಮುಂಚೆ ಒಬ್ಬ ಮುದುಕ್ರು ಇದ್ರು, ಆಗ ನಂಗೆ ನಿದ್ದೆ ಬರ್ತಿರ್ಲಿಲ್ಲ. ಮುದುಕ್ರು ಮರೀತಾರೆ ಅಂತ. ಈ ದಫಾನೂ ಅವ್ರು ಹೇಳಿದ್ರು, ಹೆದರ್ಬೇಡ, ಮೇಷ್ಟ್ರದು, ಓದಿದೋರು ಅಂತ." ಮತ್ತೆ, "ನಾ ಮಲ್ಗಿ ನಿದ್ದೆ ಮಾಡ್ಬಿಟ್ಟೆ," ಅಂದರು.

ನಾನು ಬಾಗಿಲಲ್ಲಿ ನಿಂತೇ ಇದ್ದೆ.

"ದೀಪ ಎಲ್ಲಿ?"

ಚೀಲದಿಂದ ಲಾಂದ್ರ ತೆಗೆದೆ. ಪರದೆಯ ಪಕ್ಕದಿಂದ ಒಂದು ಕೈ ಹೊರಬಂತು, ಗಾಜಿನ ಬಳೆ, ಹಿಟ್ಟು ಅಂಟಿದ ಬೆರಳು. ತೆಗೆದುಕೊಂಡಿತು.

"ಇದು ಇಲ್ಲಿರ್ತದೆ. ಬಾವಿಗೆ ಹೋಗೋವಾಗ ಬನ್ನಿ. ನನ್ ಕೈಯಿಂದ ಇಸ್ಕೊಂಡು ಹೋಗಿ. ಬಂದು ನನ್ ಕೈಗೆ ವಾಪಸ್ ಕೊಡಿ."

ಸಂಘ ಬಿಡುತ್ತೇನೆ ಎಂದು ಹೇಳಲು ಬಂದಿದ್ದವನು ನಾನು. ಅದನ್ನು ಹೇಳಲು ಜಾಗವೇ ಉಳಿಯಲಿಲ್ಲ. ಅವರು ಆಗಲೇ ಪಾವಗಡದ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುತ್ತ ಒಳಗೆ ಬಟ್ಟೆ ಗಂಟು ಕಟ್ಟುತ್ತಿದ್ದರು.

ಖಾದರ್ ಸಾಬರ ಕೈ ಕೂಡಿತು, ಸೊಟ್ಟಗೆ. ಹಗ್ಗ ಹಿಡಿಯುತ್ತದೆ, ಸುತ್ತಿಗೆ ಹಿಡಿಯುವುದಿಲ್ಲ. ಅಂಗಳದ ಬೀಸುವ ಕಲ್ಲು ಅರ್ಧವಾಗಿಯೇ ಇದೆ. ಆಸ್ಪತ್ರೆಯಿಂದ ಬಂದ ಮೇಲೆ ಅವರಿಗೂ ಎಲ್ಲ ಹೇಳಿದೆ. "ನಮ್ ಮನೆಯೋರು ಹೇಳಿದ್ರು," ಅಂದರು, ಅಷ್ಟೇ. ಅವರು ಕ್ಷಮಿಸಿದರೋ ಇಲ್ಲವೋ ನಾನು ಕೇಳಿಲ್ಲ. ಮುಂದಿನ ಬೇಸಿಗೆಯಲ್ಲಿ ಪರಸೀಮೆಯ ಆ ಬಾವಿಯ ಕೆಲಸ ಮುಗಿಸಿದೆವು. ಅವರೇ ಇಳಿದರು. ಆ ಊರಿನ ಹೆಂಗಸರು ಈಗ ಗುಡ್ಡ ಹತ್ತುವುದಿಲ್ಲ.

ಈಗ ನಾವು ಎಲ್ಲಿಗೆ ಹೋಗುವುದಿದ್ದರೂ ನಾನು ಮೊದಲು ಶಿರಾದ ಬಸ್ಸು ಹತ್ತುತ್ತೇನೆ. ಕೊರಟಗೆರೆಯ ಬಾವಿಯಾದರೂ ಸರಿ, ಮಧುಗಿರಿಯದೇ ಆದರೂ ಸರಿ, ಸುತ್ತು ಬಳಸಿ ಆ ಓಣಿಗೆ ಹೋಗಿ ಗೋಣಿಯ ಪರದೆಯ ಮುಂದೆ ನಿಲ್ಲುತ್ತೇನೆ. ನಾನು ಬಂದದ್ದು ಜುಲೇಖಾ ಬೀಗೆ ಹೆಜ್ಜೆಯ ಸದ್ದಿನಿಂದಲೇ ಗೊತ್ತಾಗುತ್ತದೆ. ಆದರೂ ಕೇಳುತ್ತಾರೆ, ಯಾರು ಎಂದು. ನನ್ನ ಬಾಯಿಂದ ನಾನೇ ಹೇಳುವವರೆಗೆ ಪರದೆ ಸರಿಯುವುದಿಲ್ಲ.

"ದೀಪದವನು," ಎನ್ನುತ್ತೇನೆ.

ಗಾಜು ಒರೆಸಿ, ಎಣ್ಣೆ ತುಂಬಿಸಿದ ಲಾಂದ್ರ ಹೊರಗೆ ಬರುತ್ತದೆ.